ಗುಂಡು ಬಿದ್ದ ಮೇಲಿನ ಅರ್ಧ ಗಂಟೆ

(ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ವಿಮಾನದ ಮೈಯನ್ನು ಗುಂಡು ತೂರಿಕೊಂಡು ಹೋಗುತ್ತದಾ? ಹೋಗುತ್ತದೆ. ಇದನ್ನು ತಿಳಿಯಲು ಪರೀಕ್ಷೆ ಬೇಕಿಲ್ಲ. ನೀವು ಟಿಕೆಟ್ ತೆಗೆದು ಹತ್ತುವ ವಿಮಾನದ ಹೊರಮೈ ಬಹುಪಾಲು ಕಡೆ ಒಂದೆರಡು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು. ಯುದ್ಧವಿಮಾನದ ಮೈ ಕೆಲವು ಕಡೆ ಇನ್ನಷ್ಟು ದಪ್ಪ, ಕೆಲವು ಕಡೆ ಕಾರ್ಬನ್ ಫೈಬರ್. ಸೈನಿಕನ ಕೈಲಿರುವ ರೈಫಲ್ಲಿನ 7.62 ಮಿ.ಮೀ. ಗುಂಡಿಗೇ ಅದು ತಡೆಯಲ್ಲ. ಇನ್ನು ವಿಮಾನ ಹೊಡೆಯಲೆಂದೇ ಮಾಡಿದ 23 ಮಿ.ಮೀ. ತೋಪಿನ ಶೆಲ್ ಬಂದರೆ ಕೇಳಲೇಬೇಡಿ. ತೋಪಿನ ಬಾಯಿ ಬಿಟ್ಟು ಹೊರಡುವಾಗ ಅದರ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 970 ಮೀಟರ್.

ಹಾಗಾದರೆ ಅಷ್ಟೊಂದು ದುಡ್ಡು ಸುರಿದು, ಚೆನ್ನಾಗಿರುವ ವಿಮಾನವನ್ನು ಮೈದಾನದಲ್ಲಿ ನಿಲ್ಲಿಸಿ ಅದಕ್ಕೆ ಗುಂಡು ಹೊಡೆದು ನೋಡುವುದು ಯಾಕೆ? ತೂತು ಬೀಳುತ್ತದೆ ಅಂತ ಗೊತ್ತು. ತೂತು ಬಿದ್ದ ಮೇಲೆ ಏನಾಗುತ್ತದೆ ಅನ್ನುವುದು ಗೊತ್ತಿಲ್ಲ. ಇಡೀ ವಿದ್ಯೆ ನಿಂತಿರುವುದು ಈ "ಆಮೇಲೆ"ಯ ಮೇಲೆ. ಇವತ್ತು ನಾನು ಹೇಳುವುದನ್ನೆಲ್ಲ ಈ ಒಂದು ಪ್ರಶ್ನೆ ಇಟ್ಟುಕೊಂಡು ಕೇಳಿ.

ಈ ಕೆಲಸ ಮಾಡುವವರು ವಿಮಾನದ ಸಾವನ್ನು ಗಡಿಯಾರ ಹಿಡಿದು ಅಳೆಯುತ್ತಾರೆ. ಗುಂಡು ತಾಗಿದ ಕ್ಷಣವೇ ವಿಮಾನ ಚೂರಾದರೆ ಅದೊಂದು ವರ್ಗ. 30 ಸೆಕೆಂಡಿನೊಳಗೆ ಪೈಲಟ್‌ನ ಹಿಡಿತ ತಪ್ಪಿದರೆ ಇನ್ನೊಂದು. 5 ನಿಮಿಷದೊಳಗೆ ಬಿದ್ದರೆ ಮತ್ತೊಂದು, 30 ನಿಮಿಷದೊಳಗೆ ಬಿದ್ದರೆ ಮಗದೊಂದು. ಮೊದಲ ಸಲ ಓದಿದಾಗ ಇದು ಕಟುಕರ ಲೆಕ್ಕ ಅನ್ನಿಸಬಹುದು. ಆದರೆ ಪೈಲಟ್‌ನ ಜಾಗದಲ್ಲಿ ಕೂತು ನೋಡಿ. ಗಂಟೆಗೆ 600 ಕಿ.ಮೀ. ವೇಗದಲ್ಲಿ ಹೋಗುವ ವಿಮಾನ ಅರ್ಧ ಗಂಟೆ ತಡೆದುಕೊಂಡರೆ 300 ಕಿ.ಮೀ. ದೂರ ಬಂದಿರುತ್ತದೆ. ಗಡಿ ದಾಟಿ ನಮ್ಮ ಕಡೆ ಬಂದು ಪ್ಯಾರಾಶೂಟಿನಲ್ಲಿ ಇಳಿಯುವುದಕ್ಕೂ ಶತ್ರುವಿನ ನೆಲದಲ್ಲಿ ಇಳಿಯುವುದಕ್ಕೂ ಎಷ್ಟು ವ್ಯತ್ಯಾಸ ಇದೆ, ಅಲ್ವಾ? ಅಮೆರಿಕದ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಮಾಡುವಾಗ ಸೇನೆ ಇಟ್ಟ ಷರತ್ತುಗಳಲ್ಲಿ ಇದೂ ಒಂದಿತ್ತು: ಗುಂಡು ಬಿದ್ದು ಗೇರ್‌ಬಾಕ್ಸಿನ ಎಣ್ಣೆಯೆಲ್ಲ ಸೋರಿ ಹೋದರೂ ಅದು ಎಣ್ಣೆ ಇಲ್ಲದೆಯೇ 30 ನಿಮಿಷ ತಿರುಗಬೇಕು. ಆ ಸಂಖ್ಯೆಯನ್ನು ಸುಮ್ನೆ ಬರೆದದ್ದಲ್ಲ.

ಎರಡನೇ ಮಹಾಯುದ್ಧಕ್ಕೆ ಹೋಗೋಣ. ಆಗ ಈ ಪ್ರಶ್ನೆ ಬಂದದ್ದು ಮರಳಿ ಬಂದ ವಿಮಾನಗಳ ಮೈಮೇಲಿನ ತೂತುಗಳಿಂದ. ಏಬ್ರಹಾಂ ವಾಲ್ಡ್ ಹೆಸರು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಯುದ್ಧಕ್ಕಾಗಿ ಕೆಲಸ ಮಾಡುತ್ತಿದ್ದ ಸಂಖ್ಯಾಶಾಸ್ತ್ರಜ್ಞರ ಗುಂಪಿನಲ್ಲಿ ಅವರೂ ಇದ್ದರು. ರೆಕ್ಕೆಯ ಮೇಲೆಲ್ಲ ಕೆಂಪು ಚುಕ್ಕೆ ಇರುವ ವಿಮಾನದ ಚಿತ್ರವನ್ನು ನಿಮ್ಮ ಫೋನಿಗೆ ಯಾರಾದರೂ ಕಳಿಸಿಯೇ ಇರುತ್ತಾರೆ. ಆ ಚಿತ್ರ ವಾಲ್ಡ್ ಬರೆದದ್ದಲ್ಲ, ಎಷ್ಟೋ ಕಾಲದ ಮೇಲೆ ಯಾರೋ ಮಾಡಿದ್ದು. ವಾಲ್ಡ್ 1943ರಲ್ಲಿ ಬರೆದದ್ದು ಸಮೀಕರಣ ತುಂಬಿದ ಟಿಪ್ಪಣಿಗಳ ಸರಣಿ.

ಅವರ ಮುಂದಿದ್ದ ತೊಡಕು ಇದು. ತೂತು ಎಣಿಸಲು ಸಿಗುವುದು ಬದುಕಿ ಬಂದ ವಿಮಾನ ಮಾತ್ರ. ಎಂಜಿನ್ನಿಗೆ ಗುಂಡು ಬಿದ್ದು ಸಮುದ್ರದ ಪಾಲಾದ ವಿಮಾನದ ತೂತು ಎಣಿಸುವವರು ಯಾರು? ಹಾಗಾಗಿ ಬಂದ ವಿಮಾನಗಳಲ್ಲಿ ಎಲ್ಲಿ ತೂತು ಕಡಿಮೆಯೋ ಅಲ್ಲಿ ಬಿದ್ದ ಗುಂಡು ವಿಮಾನವನ್ನು ಉಳಿಸಿಲ್ಲ ಅಂತ ಅನುಮಾನಪಡಬೇಕು. ವಾಲ್ಡ್ ಇಷ್ಟಕ್ಕೇ ನಿಲ್ಲಲಿಲ್ಲ. ಒಂದು ಗುಂಡು ಬಿದ್ದರೆ ಬದುಕುವ ಸಾಧ್ಯತೆ ಎಷ್ಟು, ಎರಡು ಬಿದ್ದರೆ ಎಷ್ಟು, ಯಾವ ಭಾಗಕ್ಕೆ ಬಿದ್ದರೆ ಎಷ್ಟು ಅಂತ ಲೆಕ್ಕ ಹಾಕುವ ದಾರಿಯನ್ನೂ ತೋರಿಸಿದರು.

ಅವರ ಕೊನೆ ನಮ್ಮ ದಕ್ಷಿಣದ ನೆಲದಲ್ಲೇ ಆಯಿತು. ಭಾರತ ಸರ್ಕಾರದ ಆಹ್ವಾನದ ಮೇಲೆ ಇಲ್ಲಿ ಉಪನ್ಯಾಸ ಕೊಡಲು ಬಂದಿದ್ದರು. 1950ರ ಡಿಸೆಂಬರ್ 13ರಂದು ಅವರಿದ್ದ ಏರ್ ಇಂಡಿಯಾ ವಿಮಾನ ನೀಲಗಿರಿ ಬೆಟ್ಟಕ್ಕೆ ಬಡಿಯಿತು. ಜೊತೆಗಿದ್ದ ಹೆಂಡತಿಯೂ ತೀರಿಕೊಂಡರು. ಮೈಸೂರಿನಿಂದ ಊಟಿಗೆ ಹೋಗುವ ನಮ್ಮಲ್ಲಿ ಎಷ್ಟು ಜನಕ್ಕೆ ಈ ವಿಷಯ ಗೊತ್ತು? ಗೊತ್ತಿರಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ವಾಲ್ಡ್ ವಿಷಯ ಎತ್ತಿದ್ದಕ್ಕೆ ಕಾರಣ ಇದೆ. ಅವರು ಲೆಕ್ಕದಿಂದ ಊಹಿಸಬೇಕಾಗಿದ್ದದ್ದು ಮರಳಿ ಬಾರದ ವಿಮಾನವನ್ನು. ನೆಲದ ಮೇಲೆ ನಿಲ್ಲಿಸಿ ಗುಂಡು ಹೊಡೆಯುವ ಪರೀಕ್ಷೆಯಲ್ಲಿ ಆ ವಿಮಾನ ಕಣ್ಣೆದುರೇ ಇರುತ್ತದೆ. ಬಿಚ್ಚಿ ನೋಡಬಹುದು. ಮೇರಿಲ್ಯಾಂಡಿನ ಅಬರ್ಡೀನ್ ಪ್ರಯೋಗ ಮೈದಾನದಲ್ಲಿ ಇಂಥ ಕೆಲಸ ಆ ಕಾಲದಲ್ಲೇ ಶುರುವಾಗಿತ್ತು. ಆದರೆ ಆಗ ಶತ್ರುವಿನ ವಿಮಾನ ಉರುಳಿಸಲು ಯಾವ ಅಳತೆಯ ಗುಂಡು ಒಳ್ಳೆಯದು ಅನ್ನುವ ಕಡೆಗೇ ಗಮನ ಜಾಸ್ತಿ. ನಮ್ಮ ವಿಮಾನ ಹೇಗೆ ತಾಳಿಕೊಳ್ಳಬೇಕು ಅನ್ನುವ ಪ್ರಶ್ನೆ ಹಿಂದೆ ಬಿತ್ತು. ಯುದ್ಧ ಮುಗಿದು ಜೆಟ್ ಬಂತು, ಅಣುಬಾಂಬ್ ಬಂತು. ವಿಮಾನ ಎಷ್ಟು ಜೋರಾಗಿ ಹಾರುತ್ತದೆ ಅನ್ನುವುದೇ ದೊಡ್ಡದಾಯಿತು.

ಅದಕ್ಕೆ ಬೆಲೆ ತೆತ್ತದ್ದು ವಿಯೆಟ್ನಾಂ ಯುದ್ಧದಲ್ಲಿ. ಅಮೆರಿಕದ ಎಫ್-105 ವಿಮಾನದ ಉದಾಹರಣೆ ತಗೊಳ್ಳಿ. ಕೆಳಮಟ್ಟದಲ್ಲಿ ಜೋರಾಗಿ ನುಗ್ಗಿ ಅಣುಬಾಂಬ್ ಹಾಕಿ ಬರಲೆಂದು ಅದನ್ನು ಮಾಡಿದ್ದರು. ತಯಾರಾದದ್ದು ಒಟ್ಟು 833. ಅದರಲ್ಲಿ 380ಕ್ಕೂ ಹೆಚ್ಚು ವಿಮಾನಗಳು ಆಗ್ನೇಯ ಏಷ್ಯಾದಲ್ಲಿ ನಾಶವಾದವು. ಅರ್ಧದ ಹತ್ತಿರ! ದೋಷ ಎಲ್ಲಿತ್ತು ನೋಡಿ. ಬಾಲದ ಅಡ್ಡರೆಕ್ಕೆಯನ್ನು ಆಡಿಸುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಎರಡು ಹೈಡ್ರಾಲಿಕ್ ವ್ಯವಸ್ಥೆ ಕೊಟ್ಟಿದ್ದರು. ಕಾಗದದ ಮೇಲೆ ಎರಡೂ ಬೇರೆ ಬೇರೆ. ವಿಮಾನದೊಳಗೆ ಮಾತ್ರ ಎರಡರ ಪೈಪುಗಳೂ ಅಕ್ಕಪಕ್ಕದಲ್ಲೇ ಹೋಗಿದ್ದವು. ಒಂದೇ ಪೆಟ್ಟಿಗೆ ಎರಡೂ ಹೋಗುತ್ತಿದ್ದವು. ಎಣ್ಣೆ ಹೋದ ಮೇಲೆ ಬಾಲ ತನ್ನಷ್ಟಕ್ಕೆ ತಿರುಗಿಕೊಂಡರೆ ಪೈಲಟ್ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಆಮೇಲೆ ಆ ಬಾಲವನ್ನು ಇದ್ದ ಜಾಗದಲ್ಲೇ ಬಿಗಿದು ನಿಲ್ಲಿಸುವ ತುರ್ತು ಏರ್ಪಾಡು ಸೇರಿಸಿದರು.

ಈ ಪೈಪುಗಳ ವಿಷಯ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ನಕಾಶೆಯಲ್ಲಿ ಎರಡು ಗೆರೆ ಎಳೆದು "ಇದು ಕೆಟ್ಟರೆ ಅದು" ಅಂದುಬಿಡುವುದು ಬಹಳ ಸುಲಭ. ಇಂಥ ತಪ್ಪು ಕಣ್ಣಿಗೆ ಬೀಳುವುದು ಗುಂಡು ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಆ ದಾರಿಯುದ್ದಕ್ಕೂ ನೋಡಿದಾಗ ಮಾತ್ರ.

ಈ ಪಾಠ ಕಲಿತು ಅಮೆರಿಕ ಮಾಡಿದ ವಿಮಾನವೇ ಎ-10. ನೆಲಕ್ಕೆ ಹತ್ತಿರ ಹಾರಿ ಟ್ಯಾಂಕ್ ಹೊಡೆಯುವುದು ಅದರ ಕೆಲಸ. ಅಂದ ಮೇಲೆ ಗುಂಡು ತಿನ್ನುವುದು ಖಚಿತ. ಪೈಲಟ್ ಕೂರುವ ಜಾಗವನ್ನು ಟೈಟಾನಿಯಂ ತೊಟ್ಟಿಯೊಳಗೆ ಇಟ್ಟಿದ್ದಾರೆ. ಅದರ ತೂಕ ಸುಮಾರು 540 ಕೆ.ಜಿ. ದಪ್ಪ ಎಲ್ಲ ಕಡೆ ಒಂದೇ ಅಲ್ಲ. ಯಾವ ಕಡೆಯಿಂದ, ಯಾವ ಕೋನದಲ್ಲಿ ಶೆಲ್ ಬರಬಹುದು ಅಂತ ಲೆಕ್ಕ ಹಾಕಿ ಕೆಲವು ಕಡೆ ಅರ್ಧ ಇಂಚು, ಕೆಲವು ಕಡೆ ಒಂದೂವರೆ ಇಂಚು ಇಟ್ಟರು. 23 ಮಿ.ಮೀ. ಮತ್ತು 57 ಮಿ.ಮೀ. ಶೆಲ್ ಹೊಡೆದು ಪರೀಕ್ಷೆ ಮಾಡಿದರು.

ಇಲ್ಲೊಂದು ಸೂಕ್ಷ್ಮ ಇದೆ, ಹತ್ತಿರದಿಂದ ನೋಡಬೇಕು. ಶೆಲ್ ಒಳಗೆ ಬರದಂತೆ ಟೈಟಾನಿಯಂ ತಡೆಯಿತು ಅಂತ ಇಟ್ಟುಕೊಳ್ಳಿ. ಪೈಲಟ್ ಬದುಕಿದನಾ? ಹಾಗಂತ ಹೇಳಲಾಗದು. ಪೆಟ್ಟು ಬಿದ್ದಾಗ ಲೋಹದ ಹೊರಗಿನಿಂದ ಒಳಗೆ ಒಂದು ಆಘಾತದ ಅಲೆ ಓಡುತ್ತದೆ. ಅದು ಒಳಮೈ ಮುಟ್ಟಿ ಹಿಂದಿರುಗುವಾಗ ಅಲ್ಲಿನ ಲೋಹವನ್ನು ಎಳೆದು ಚೂರು ಚೂರಾಗಿ ಕಿತ್ತು ಎಸೆಯುತ್ತದೆ. ತಟ್ಟೆ ತೂತಾಗಿಲ್ಲ, ಆದರೂ ಒಳಗಿನವನ ಮೈಗೆ ಬಿಸಿ ಚೂರು ನುಗ್ಗುತ್ತದೆ. ಅದಕ್ಕೇ ಆ ತೊಟ್ಟಿಯ ಒಳಭಾಗಕ್ಕೆ ನೈಲಾನಿನ ಹಲವು ಪದರ ಹೊದಿಸಿದರು. "ಗುಂಡು ದಾಟಿತಾ ಇಲ್ಲವಾ" ಅಂತ ಮಾತ್ರ ಕೇಳುವ ಪರೀಕ್ಷೆಯಾಗಿದ್ದರೆ ಆ ಟೈಟಾನಿಯಂ ತಟ್ಟೆ ಪಾಸಾಗಿಬಿಡುತ್ತಿತ್ತು. ಪೈಲಟ್ ಸಾಯುತ್ತಿದ್ದ.

ಎ-10ರಲ್ಲಿ ಹೈಡ್ರಾಲಿಕ್ ಎರಡು. ಎರಡೂ ಹೋದರೆ ಕೈಬಲದಿಂದ ತಂತಿ ಎಳೆದು ಹಾರಿಸುವ ಏರ್ಪಾಡು ಮೂರನೆಯದು. 2003ರ ಏಪ್ರಿಲ್ 7ರಂದು ಬಾಗ್ದಾದಿನ ಮೇಲೆ ಕ್ಯಾಪ್ಟನ್ ಕಿಮ್ ಕ್ಯಾಂಪ್‌ಬೆಲ್ ಹಾರಿಸುತ್ತಿದ್ದ ಎ-10ಕ್ಕೆ ಬಾಲದ ಕಡೆ ಪೆಟ್ಟು ಬಿತ್ತು. ಹೈಡ್ರಾಲಿಕ್ ಪೂರ್ತಿ ಹೋಯಿತು. ಬಾಲದಲ್ಲಿ, ಹಿಂಬದಿಯ ಮೈಯಲ್ಲಿ ನೂರಾರು ತೂತು. ಅವರು ತಂತಿಯ ಹಿಡಿತಕ್ಕೆ ಬದಲಾಯಿಸಿಕೊಂಡು, ಸುಮಾರು ಒಂದು ಗಂಟೆ ಹಾರಿ, ಕುವೈತಿನ ನೆಲೆಯಲ್ಲಿ ಇಳಿಸಿದರು. ಎಫ್-105ರ ಪೈಲಟ್‌ಗಳಿಗೆ ಸಿಗದ ಒಂದು ಗಂಟೆ ಇದು.

ಇನ್ನು ಇಂಧನದ ವಿಷಯ. ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ. ವಿಮಾನವನ್ನು ಜಾಸ್ತಿ ಕೊಲ್ಲುವುದು ಇದೇ.

ಖಾಲಿ ತಗಡಿನ ಡಬ್ಬಕ್ಕೆ ಗುಂಡು ಹೊಡೆದರೆ ಈ ಕಡೆ ಒಂದು ತೂತು, ಆ ಕಡೆ ಒಂದು ತೂತು. ಅದೇ ಡಬ್ಬಕ್ಕೆ ಬಾಯಿವರೆಗೆ ನೀರು ತುಂಬಿ ಹೊಡೆಯಿರಿ. ಡಬ್ಬವೇ ಬಿರಿಯುತ್ತದೆ. ನೀರು ಒತ್ತಿದರೆ ಕುಗ್ಗುವುದಿಲ್ಲ, ಅದಕ್ಕೇ ಹೀಗೆ. ಗುಂಡು ಟ್ಯಾಂಕಿನ ಗೋಡೆ ಹೊಕ್ಕ ಕೂಡಲೇ ದ್ರವದಲ್ಲಿ ಆಘಾತದ ಅಲೆ ಹುಟ್ಟುತ್ತದೆ. ಆಮೇಲೆ ಗುಂಡು ದ್ರವವನ್ನು ಸೀಳುತ್ತಾ, ಉರುಳುತ್ತಾ ವೇಗ ಕಳೆದುಕೊಳ್ಳುತ್ತದೆ. ಅದರ ಶಕ್ತಿಯೆಲ್ಲ ದ್ರವಕ್ಕೆ ಹೋಗುತ್ತದೆ. ಗುಂಡಿನ ಹಿಂದೆ ಒಂದು ಟೊಳ್ಳು ತೆರೆದುಕೊಂಡು, ಮತ್ತೆ ಕುಸಿದು, ಇನ್ನೊಮ್ಮೆ ಗೋಡೆಗಳನ್ನು ಬಡಿಯುತ್ತದೆ. ಇದಕ್ಕೆ ಎಂಜಿನಿಯರುಗಳು ಹೈಡ್ರೋಡೈನಮಿಕ್ ರ‍್ಯಾಮ್ ಅನ್ನುತ್ತಾರೆ. ಗುಂಡಿನ ಅಗಲ ಎರಡೂ ಕಾಲು ಸೆಂಟಿಮೀಟರ್ ಇರಬಹುದು. ಟ್ಯಾಂಕಿನ ಗೋಡೆ ಮಾತ್ರ ಉದ್ದಕ್ಕೆ ಹರಿದುಹೋಗಬಹುದು.

ಈಗ ನೆನಪಿಸಿಕೊಳ್ಳಿ, ಇವತ್ತಿನ ಹೆಚ್ಚಿನ ಜೆಟ್‌ಗಳಲ್ಲಿ ರೆಕ್ಕೆಯೇ ಇಂಧನದ ಟ್ಯಾಂಕ್. ಟ್ಯಾಂಕಿನ ಗೋಡೆ ಅಂದರೆ ರೆಕ್ಕೆಯ ತೊಗಲು. ವಿಮಾನವನ್ನು ಎತ್ತಿ ಹಿಡಿದಿರುವುದೇ ಅದು. ಅಲ್ಯೂಮಿನಿಯಂ ಆದರೆ ಬಗ್ಗಿ, ಹರಿದು ಒಂದಷ್ಟು ಶಕ್ತಿ ಕುಡಿಯುತ್ತದೆ. ಕಾರ್ಬನ್ ಫೈಬರ್ ಬಗ್ಗುವುದಿಲ್ಲ. ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಅಂಟು ಹಾಕಿ ಕೂರಿಸಿದ ತೊಗಲು ಒಳಗಿನ ತೊಲೆಯಿಂದ ಕಿತ್ತು ಬರುವ ಭಯವೂ ಇದೆ. ಹೊರಗಿನಿಂದ ನೋಡಿದರೆ ಪುಟ್ಟ ತೂತು, ಒಳಗೆ ಅಂಗೈ ಅಗಲ ಪದರ ಬಿಟ್ಟಿರಬಹುದು. ಅದಕ್ಕೇ ಗುಂಡು ಹೊಡೆದ ಮೇಲೆ ಕಣ್ಣಲ್ಲಿ ನೋಡಿ ಬಿಡುವುದಿಲ್ಲ, ಅಲ್ಟ್ರಾಸೌಂಡ್ ಹಿಡಿದು ಇಂಚಿಂಚು ಹುಡುಕುತ್ತಾರೆ.

ಹರಿದದ್ದು ಒಂದು ಕಡೆ, ಬೆಂಕಿ ಇನ್ನೊಂದು ಕಡೆ. ಟ್ಯಾಂಕಿನ ಪಕ್ಕದಲ್ಲಿ ಪೈಪು, ವೈರು ಹೋಗುವ ಖಾಲಿ ಜಾಗಗಳಿರುತ್ತವೆ. ಬೆಂಕಿ ಹಚ್ಚುವ ಮದ್ದು ತುಂಬಿದ ಗುಂಡು ತೊಗಲು ದಾಟುವಾಗ ಅಲ್ಲೊಂದು ಮಿಂಚು ಹೊಡೆಯುತ್ತದೆ. ಹಿಂದೆಯೇ ಟ್ಯಾಂಕಿನಿಂದ ಇಂಧನ ಹನಿಹನಿಯಾಗಿ ಚಿಮ್ಮುತ್ತದೆ. ಮಿಂಚು ಆರುವ ಮೊದಲು ಹನಿ ಬಂತಾ, ಆರಿದ ಮೇಲೆ ಬಂತಾ? ಇದೆಲ್ಲ ಮಿಲಿಸೆಕೆಂಡುಗಳ ಮಾತು. ಬೆಂಕಿ ಹತ್ತುವುದು, ಹತ್ತದಿರುವುದು ಇಷ್ಟರಲ್ಲೇ ತೀರ್ಮಾನ ಆಗುತ್ತದೆ. ಇದನ್ನು ಕೂತು ಲೆಕ್ಕ ಹಾಕಿ ಹೇಳುವುದು ಇವತ್ತಿಗೂ ಕಷ್ಟ. ಹೊಡೆದೇ ನೋಡಬೇಕು.

ಟ್ಯಾಂಕಿನೊಳಗೇ ಇನ್ನೊಂದು ಅಪಾಯ ಇದೆ. ಇಂಧನ ಖರ್ಚಾದಷ್ಟೂ ಮೇಲೆ ಖಾಲಿ ಜಾಗ ಆಗುತ್ತದೆ, ಅಲ್ಲಿ ಆವಿ ಮತ್ತು ಗಾಳಿ ಸೇರಿಕೊಳ್ಳುತ್ತದೆ. ಸರಿಯಾದ ಪ್ರಮಾಣದಲ್ಲಿ ಸೇರಿದರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕ್ ಹರಿದುಹೋಗುತ್ತದೆ, ಅರೆಖಾಲಿ ಟ್ಯಾಂಕ್ ಸ್ಫೋಟ ಆಗುತ್ತದೆ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು.

ಇದಕ್ಕೆ ಕಂಡುಕೊಂಡ ಪರಿಹಾರಗಳು ಬಹಳ ಚೆಂದ ಇವೆ. ಹಳೆಯದು ರಬ್ಬರ್ ಟ್ಯಾಂಕ್. ಹದ ಮಾಡಿದ ರಬ್ಬರಿನ ಪದರಗಳ ನಡುವೆ ಹಸಿ ರಬ್ಬರಿನ ಪದರ. ಗುಂಡು ದಾಟಿದಾಗ ಸೋರುವ ಪೆಟ್ರೋಲ್ ಹಸಿ ರಬ್ಬರಿಗೆ ತಾಗುತ್ತದೆ. ತಾಗಿದ್ದೇ ತಡ, ಅದು ನೆನೆಹಾಕಿದ ಸಬ್ಬಕ್ಕಿಯ ಹಾಗೆ ಊದಿಕೊಂಡು ತೂತನ್ನು ಮುಚ್ಚಿಬಿಡುತ್ತದೆ. ಎರಡನೇ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಜಪಾನಿನ ಝೀರೋ ವಿಮಾನದಲ್ಲಿ ಇದು ಇರಲಿಲ್ಲ. ತೂಕ ಉಳಿಸಿ ದೂರ ಹಾರಲು ಬಿಟ್ಟಿದ್ದರು. ದೂರ ಹಾರಿತು ನಿಜ, ಆದರೆ ಗುಂಡು ತಾಗಿದರೆ ಬೇಗ ಹೊತ್ತಿ ಉರಿಯುತ್ತಿತ್ತು.

ಎರಡನೆಯದು ಸ್ಪಂಜು. ಪಾಲಿಯುರೇಥೇನ್ ಫೋಮನ್ನು ಟ್ಯಾಂಕಿನೊಳಗೆ ತುಂಬುತ್ತಾರೆ. ಅದರಲ್ಲಿ ನೂರಕ್ಕೆ ಸುಮಾರು 97 ಪಾಲು ಬರೀ ಜಾಗವೇ, ಹಾಗಾಗಿ ಇಂಧನಕ್ಕೆ ತೊಂದರೆ ಇಲ್ಲ. ಒಳಗೆ ಕಿಡಿ ಹೊತ್ತಿದರೂ ಜ್ವಾಲೆ ಆ ಸಣ್ಣ ಸಣ್ಣ ಕಣ್ಣುಗಳಲ್ಲಿ ಸಿಕ್ಕಿ ತಣ್ಣಗಾಗಿ ಸಾಯುತ್ತದೆ. ಎ-10ರಲ್ಲಿ ಇದೇ ಇದೆ. ಮೂರನೆಯದು ನೈಟ್ರೋಜನ್. ಎಂಜಿನ್ನಿನಿಂದ ತೆಗೆದ ಗಾಳಿಯಿಂದ ಆಮ್ಲಜನಕವನ್ನು ಸೋಸಿ ತೆಗೆದು, ಉಳಿದದ್ದನ್ನು ಟ್ಯಾಂಕಿನ ಖಾಲಿ ಜಾಗಕ್ಕೆ ತುಂಬುವುದು. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ಶೇ. 21. ಯುದ್ಧವಿಮಾನಕ್ಕೆ ಅದು ಶೇ. 9ಕ್ಕಿಂತ ಕೆಳಗೆ ಇರಲಿ ಅನ್ನುತ್ತಾರೆ.

ಇದೇ ಏರ್ಪಾಡು ಈಗ ನೀವು ಹತ್ತುವ ವಿಮಾನಕ್ಕೂ ಬಂದಿದೆ. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಹೊರಟ ಟಿಡಬ್ಲ್ಯುಎ 800 ವಿಮಾನದ ನಡುಟ್ಯಾಂಕ್ ಸ್ಫೋಟಿಸಿ 230 ಜನ ಸತ್ತರು. ಅಲ್ಲಿ ಗುಂಡೂ ಇರಲಿಲ್ಲ, ಬಾಂಬೂ ಇರಲಿಲ್ಲ. ಖಾಲಿ ಟ್ಯಾಂಕಿನಲ್ಲಿದ್ದ ಆವಿಯೇ ಸಿಡಿದದ್ದು. ಅದಾದ ಮೇಲೆ 2008ರಲ್ಲಿ ಅಮೆರಿಕದ ನಾಗರಿಕ ವಿಮಾನಯಾನ ಆಡಳಿತ ಇಂಥ ಟ್ಯಾಂಕುಗಳ ಅಪಾಯ ತಗ್ಗಿಸಬೇಕು ಅಂತ ನಿಯಮ ಮಾಡಿತು. ಪ್ರಯಾಣಿಕರ ವಿಮಾನಕ್ಕೆ ಶೇ. 12ರ ಮಟ್ಟ ಸಾಕು ಅಂತ ಇಟ್ಟುಕೊಂಡಿದ್ದಾರೆ, ಅಲ್ಲಿ ಗುಂಡಿನ ಭಯ ಇಲ್ಲವಲ್ಲ.

ಪರೀಕ್ಷೆಗೆ ಕಾನೂನಿನ ಬಲ ಬಂದ ಕತೆಗೆ ಬರುತ್ತೇನೆ. ಅದು ಶುರುವಾದದ್ದು ವಿಮಾನದಿಂದಲ್ಲ. ಬ್ರ್ಯಾಡ್ಲಿ ಅನ್ನುವ ಸೈನಿಕರ ವಾಹನದಿಂದ. 1980ರ ದಶಕದಲ್ಲಿ ಅಮೆರಿಕದ ವಾಯುಪಡೆಯ ಕರ್ನಲ್ ಜೇಮ್ಸ್ ಬರ್ಟನ್ ಒಂದು ಹಟ ಹಿಡಿದರು. ವಾಹನದ ತುಂಡಿಗೆ ಹೊಡೆದು ಲೆಕ್ಕ ಹಾಕಿದರೆ ಸಾಲದು, ಇಂಧನ, ಮದ್ದುಗುಂಡು ಎಲ್ಲ ತುಂಬಿ, ಯುದ್ಧಕ್ಕೆ ಹೊರಟ ಸ್ಥಿತಿಯಲ್ಲೇ ಹೊಡೆದು ನೋಡಬೇಕು ಅಂದರು. ಸೇನೆಯೊಳಗೆ ದೊಡ್ಡ ಜಗಳವೇ ಆಯಿತು. ಕೊನೆಗೆ 1986ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿತು. ಜನ ಕೂತು ಯುದ್ಧಕ್ಕೆ ಹೋಗುವ ದೊಡ್ಡ ವ್ಯವಸ್ಥೆ ಯಾವುದೇ ಆಗಲಿ, ಪೂರ್ಣ ಪ್ರಮಾಣದ ತಯಾರಿಕೆಗೆ ಹೋಗುವ ಮೊದಲು ನಿಜವಾದ ಗುಂಡಿನ ಪರೀಕ್ಷೆ ಆಗಬೇಕು. ವಿಮಾನಗಳೂ ಇದರೊಳಗೆ ಬಂದವು.

ಪೂರ್ತಿ ವಿಮಾನವನ್ನೇ ಹೊಡೆಯುವುದು ದುಬಾರಿ ಮತ್ತು ಅವ್ಯಾವಹಾರಿಕ ಅಂತ ತೋರಿಸಿದರೆ ವಿನಾಯಿತಿ ಕೊಡಲು ಕಾನೂನಿನಲ್ಲಿ ಜಾಗ ಇದೆ. ಎಫ್-22 ಯುದ್ಧವಿಮಾನ ಅಂಥ ವಿನಾಯಿತಿ ಪಡೆಯಿತು. ಅದರ ಬಿಡಿಭಾಗಗಳ ಮೇಲೆ, ರೆಕ್ಕೆಯ ಮೇಲೆ ಪರೀಕ್ಷೆ ಆಯಿತು. ಇದರಲ್ಲಿ ಎರಡೂ ಕಡೆ ನ್ಯಾಯ ಇದೆ ಅಂತ ಒಪ್ಪುತ್ತೇನೆ. ಆದರೂ ನನ್ನ ಒಲವು ಬರ್ಟನ್ ಕಡೆಗೇ. ಬಿಡಿಭಾಗಕ್ಕೆ ಹೊಡೆದಾಗ ನಿಮಗೆ ಸಿಗುವುದು ನೀವು ಕೇಳಿದ ಪ್ರಶ್ನೆಯ ಉತ್ತರ. ಪೂರ್ತಿ ವಿಮಾನಕ್ಕೆ ಹೊಡೆದಾಗ ಮಾತ್ರ ನೀವು ಕೇಳಲು ಮರೆತ ಪ್ರಶ್ನೆಯ ಉತ್ತರವೂ ಸಿಗುತ್ತದೆ.

ಒಂದು ಹೊಡೆತ ಹೇಗೆ ನಡೆಯುತ್ತದೆ ನೋಡೋಣ. ಅಮೆರಿಕದಲ್ಲಿ ಇದರ ದೊಡ್ಡ ಜಾಗಗಳು ಎರಡು. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಚೈನಾ ಲೇಕ್ ನೌಕಾಪಡೆ ನೆಲೆ, ಓಹಾಯೋದಲ್ಲಿ ರೈಟ್-ಪ್ಯಾಟರ್ಸನ್ ವಾಯುನೆಲೆ.

ಮೊದಲು ಕಾಗದದ ಕೆಲಸ. ಗುಂಡು ಎಲ್ಲಿ ಹೊಕ್ಕು ಎಲ್ಲಿ ಹೊರಬರಬೇಕು, ನಡುವೆ ಏನೇನು ಸಿಗುತ್ತದೆ ಅಂತ ಗೆರೆ ಎಳೆಯುತ್ತಾರೆ. ಏನಾಗಬಹುದು ಅಂತ ಹೊಡೆಯುವ ಮೊದಲೇ ಬರೆದಿಡುತ್ತಾರೆ. ಈ ಅಭ್ಯಾಸ ನೀವೆಲ್ಲ ಕಲಿಯಬೇಕು. ಆದ ಮೇಲೆ "ಹೀಗೇ ಆಗುತ್ತೆ ಅಂದುಕೊಂಡಿದ್ದೆ" ಅನ್ನುವುದಕ್ಕೆ ಅಲ್ಲಿ ಅವಕಾಶ ಇಲ್ಲ.

ಬಂದೂಕಿನ ಕೊಳವೆಯನ್ನು ಗಟ್ಟಿ ಪೀಠಕ್ಕೆ ಬಿಗಿದು ವಿಮಾನದ ಹತ್ತಿರವೇ ಇಡುತ್ತಾರೆ, ಗುರಿ ಒಂದಿಷ್ಟೂ ತಪ್ಪಬಾರದು. ಆದರೆ ನಿಜವಾದ ಯುದ್ಧದಲ್ಲಿ ಗುಂಡು ದೂರದಿಂದ ಬರುತ್ತದೆ, ಬರುವಷ್ಟರಲ್ಲಿ ವೇಗ ಕಳೆದುಕೊಂಡಿರುತ್ತದೆ. ಅದಕ್ಕಾಗಿ ತೋಟಾದಲ್ಲಿರುವ ಮದ್ದನ್ನು ತೂಗಿ ಕಡಿಮೆ ಮಾಡುತ್ತಾರೆ. ದೂರದಿಂದ ಬಂದ ಗುಂಡಿನ ವೇಗವೇ ಹತ್ತಿರದಿಂದ ಹೊಡೆದಾಗಲೂ ಸಿಗಬೇಕು. ದಾರಿಯಲ್ಲಿ ಎರಡು ಪರದೆ. ಗುಂಡು ಒಂದನ್ನು ದಾಟಿ ಇನ್ನೊಂದನ್ನು ದಾಟಲು ತಗೊಂಡ ಸಮಯದಿಂದ ವೇಗ ಗೊತ್ತಾಗುತ್ತದೆ.

ವಿಮಾನ ನಿಂತಿದೆ, ಆದರೆ ಹಾರುತ್ತಿರಬೇಕು. ಅದಕ್ಕೆ ಎರಡು ಉಪಾಯ. ರೆಕ್ಕೆಗೆ ಹೈಡ್ರಾಲಿಕ್ ಜ್ಯಾಕ್ ಕೊಟ್ಟು ಹಾರುವಾಗ ಬೀಳುವಷ್ಟೇ ಭಾರದಲ್ಲಿ ಬಗ್ಗಿಸುತ್ತಾರೆ. ಸುಮ್ನೆ ಇರುವ ರೆಕ್ಕೆಗೆ ತೂತು ಬಿದ್ದರೆ ತೂತಾಗಿಯೇ ಉಳಿಯುತ್ತದೆ. ಭಾರ ಹೊತ್ತ ರೆಕ್ಕೆಯಲ್ಲಿ ತೂತಿನ ಅಂಚಿನಿಂದ ಬಿರುಕು ಓಡುತ್ತದೆ. ಎರಡನೆಯದು ಗಾಳಿ. ಚೈನಾ ಲೇಕಿನಲ್ಲಿ ಹಳೆಯ ಟರ್ಬೋಫ್ಯಾನ್ ಎಂಜಿನ್ನುಗಳನ್ನು ಜೋಡಿಸಿ, ಅವುಗಳ ಮುಂದಿನ ಫ್ಯಾನ್ ತಳ್ಳುವ ತಂಪು ಗಾಳಿಯನ್ನು ಕೊಳವೆಯಲ್ಲಿ ತಂದು ವಿಮಾನದ ಮೈಮೇಲೆ ಗಂಟೆಗೆ ನೂರಾರು ಕಿ.ಮೀ. ವೇಗದಲ್ಲಿ ಬೀಸುತ್ತಾರೆ. ಗಾಳಿ ಇಲ್ಲದಿದ್ದರೆ ಪರೀಕ್ಷೆಯೇ ಸುಳ್ಳು. ಆ ಗಾಳಿ ಬೆಂಕಿಯನ್ನು ಆರಿಸಲೂಬಹುದು, ಊದಿ ಬೆಳೆಸಲೂಬಹುದು. ಮೇಲಕ್ಕೆದ್ದ ತಗಡಿನ ಅಂಚನ್ನು ಹಿಡಿದು ಸಿಪ್ಪೆ ಸುಲಿದುಬಿಡಲೂಬಹುದು.

ಎಲ್ಲ ಸಿದ್ಧವಾದ ಮೇಲೆ ಜನ ದೂರದ ಕೋಣೆಗೆ ಹೋಗುತ್ತಾರೆ. ಹೈಸ್ಪೀಡ್ ಕ್ಯಾಮೆರಾಗಳು ಓಡುತ್ತವೆ. ಒಂದು ಸದ್ದು. ಬೆಂಕಿ ಹತ್ತಿದರೆ ಕೂಡಲೇ ಆರಿಸುವುದಿಲ್ಲ, ಅದು ಎಲ್ಲಿಗೆ ಹರಡುತ್ತದೆ ಅಂತ ಬೇಕಾದಷ್ಟು ಹೊತ್ತು ನೋಡಿ ಆಮೇಲೆ ನೊರೆ, ನೀರು ಬಿಡುತ್ತಾರೆ. ತಡ ಮಾಡಿದರೆ ವಿಮಾನ ಹೋಯಿತು. ಬೇಗ ಮಾಡಿದರೆ ಮಾಹಿತಿ ಹೋಯಿತು. ಇರುವುದು ಒಂದೇ ವಿಮಾನ, ಹೊಡೆಯಬೇಕಾದದ್ದು ಹತ್ತಾರು ಸಲ. ಅದಕ್ಕೇ ಕಡಿಮೆ ಹಾನಿಯ ಹೊಡೆತ ಮೊದಲು, ಬೆಂಕಿ ಹಚ್ಚುವಂಥದ್ದು ಕೊನೆಗೆ ಅಂತ ಸಾಲು ಮಾಡಿಕೊಳ್ಳುತ್ತಾರೆ. ನಡುನಡುವೆ ರಿಪೇರಿ. ಆ ರಿಪೇರಿಯಿಂದಲೂ ಕಲಿಯುವುದಿದೆ. ಯುದ್ಧಭೂಮಿಯಲ್ಲಿ ರಾತ್ರೋರಾತ್ರಿ ತೇಪೆ ಹಾಕಿ ಬೆಳಗ್ಗೆ ಹಾರಿಸಬೇಕಾದವರಿಗೆ ಇದೇ ಪಾಠ.

ಈ ನಡುವೆ ಒಬ್ಬರು ಕೇಳಿದರು, ಪ್ರಯಾಣಿಕರ ವಿಮಾನದಲ್ಲಿ ಯಾರಾದರೂ ಒಳಗಿಂದ ಗುಂಡು ಹಾರಿಸಿದರೆ ವಿಮಾನ ಒಡೆದು ಹೋಗುತ್ತದಾ, ಸಿನಿಮಾದಲ್ಲಿ ತೋರಿಸುವ ಹಾಗೆ ಜನ ಹೊರಗೆ ಎಳೆದುಕೊಂಡು ಹೋಗುತ್ತಾರಾ ಅಂತ. ಇಲ್ಲ. ಒಳಗಿನ ಗಾಳಿ ಯಾವಾಗಲೂ ಒಂದು ವಾಲ್ವಿನಿಂದ ಹೊರಗೆ ಹೋಗುತ್ತಲೇ ಇರುತ್ತದೆ. ಆ ವಾಲ್ವಿನ ಮುಂದೆ ಗುಂಡಿನ ತೂತು ಏನೇನೂ ಅಲ್ಲ. ಒತ್ತಡ ಕಾಯುವ ಯಂತ್ರ ವಾಲ್ವನ್ನು ಸ್ವಲ್ಪ ಮುಚ್ಚಿ ಸರಿದೂಗಿಸುತ್ತದೆ. ಅಲ್ಲಿ ಗುಂಡಿನ ಭಯ ನಿಜವಾಗಿ ಇರುವುದು ಕಾಕ್‌ಪಿಟ್ ಕಡೆಗೆ. 2001ರ ಸೆಪ್ಟೆಂಬರ್ 11ರ ನಂತರ ಕಾಕ್‌ಪಿಟ್ ಬಾಗಿಲು ಕೈಬಂದೂಕಿನ ಗುಂಡು ತಡೆಯುವಂತಿರಬೇಕು ಅಂತ ನಿಯಮ ಬಂತು. ಆ ಬಾಗಿಲುಗಳಿಗೂ ಗುಂಡು ಹೊಡೆದೇ ಪ್ರಮಾಣಪತ್ರ ಕೊಡುತ್ತಾರೆ.

ನಮ್ಮ ಕಡೆಗೆ ಬರೋಣ. ಬೆಂಗಳೂರಿನಲ್ಲಿರುವ ವಿಮಾನ ಸಂಶೋಧನೆಯ ಸರ್ಕಾರಿ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ಒತ್ತಿದ ಗಾಳಿಯ ತೋಪಿನಿಂದ ಹಕ್ಕಿ ಹೊಡೆದು ನೋಡುವ ಸೌಲಭ್ಯ ಇದೆ. ಗುಂಡಿಗೂ ಹಕ್ಕಿಗೂ ವೇಗದಲ್ಲಿ ಅಜಗಜಾಂತರ, ಆದರೆ ಕೇಳುವ ಪ್ರಶ್ನೆ ಒಂದೇ: ಬಡಿದ ಮೇಲೆ ವಿಮಾನ ಕ್ಷೇಮವಾಗಿ ಇಳಿಯಬಲ್ಲದಾ? ಗುಂಡು, ಶೆಲ್ ಗುರಿಗೆ ತಾಗಿದ ಮೇಲೆ ಏನಾಗುತ್ತದೆ ಅನ್ನುವುದಕ್ಕೇ ಮೀಸಲಾದ ಡಿಆರ್‌ಡಿಒ ಪ್ರಯೋಗಾಲಯ ಚಂಡೀಗಢದಲ್ಲಿದೆ, 1961ರಿಂದ.

1999ರ ಮೇ 28ರಂದು ಕಾರ್ಗಿಲ್‌ನ ತೋಲೋಲಿಂಗ್ ಬಳಿ ನಮ್ಮ ಎಂಐ-17 ಹೆಲಿಕಾಪ್ಟರ್ ಹೆಗಲ ಮೇಲಿಂದ ಹಾರಿಸಿದ ಕ್ಷಿಪಣಿಗೆ ಬಿತ್ತು. ನಾಲ್ವರು ಸತ್ತರು. ಎತ್ತರದ ಬೆಟ್ಟಗಳಲ್ಲಿ ಹಾರಿ ಹೋರಾಡುವ ನಮ್ಮದೇ ಹೆಲಿಕಾಪ್ಟರ್ ಬೇಕು ಅನ್ನುವ ಮಾತು ಗಟ್ಟಿಯಾದದ್ದು ಆ ಯುದ್ಧದಿಂದ. ಎಚ್‌ಎಎಲ್ ಬೆಂಗಳೂರಿನಲ್ಲಿ ರೂಪಿಸಿದ ಪ್ರಚಂಡ 2010ರಲ್ಲಿ ಮೊದಲು ಹಾರಿತು, 2022ರ ಅಕ್ಟೋಬರ್ 3ರಂದು ಜೋಧಪುರದಲ್ಲಿ ವಾಯುಪಡೆ ಸೇರಿತು. 2025ರ ಮಾರ್ಚ್‌ನಲ್ಲಿ ಇನ್ನೂ 156ಕ್ಕೆ ಒಪ್ಪಂದ ಆಯಿತು. ಇವು ತಯಾರಾಗುವುದು ಬೆಂಗಳೂರು ಮತ್ತು ತುಮಕೂರಿನಲ್ಲಿ.

ಪ್ರಚಂಡದ ಎಂಜಿನಿಯರುಗಳ ಇಕ್ಕಟ್ಟು ಎ-10 ಮಾಡಿದವರಿಗಿಂತ ದೊಡ್ಡದು. ಸಿಯಾಚಿನ್ ಎತ್ತರದಲ್ಲಿ ಗಾಳಿ ತೆಳು. ಎಂಜಿನ್ನಿಗೂ ಬಲ ಕಡಿಮೆ, ರೋಟರ್ ಹಿಡಿಯಲು ಗಾಳಿಯೂ ಕಡಿಮೆ. ಅಲ್ಲಿ 540 ಕೆ.ಜಿ.ಯ ಟೈಟಾನಿಯಂ ತೊಟ್ಟಿ ಕಟ್ಟಿಕೊಂಡು ಹಾರುವ ಮಾತೇ ಇಲ್ಲ. ಇಟ್ಟ ಒಂದೊಂದು ಕೆ.ಜಿ. ಕವಚಕ್ಕೂ ಒಂದೊಂದು ಕೆ.ಜಿ. ಇಂಧನವನ್ನೋ ರಾಕೆಟ್ಟನ್ನೋ ಬಿಡಬೇಕು. ಎಲ್ಲಿ ಕವಚ ಹಾಕಬೇಕು ಅನ್ನುವುದಕ್ಕಿಂತ ಎಲ್ಲಿ ಹಾಕದೆ ಬಿಡಬಹುದು ಅನ್ನುವುದೇ ಅಲ್ಲಿ ಕಷ್ಟದ ತೀರ್ಮಾನ. ಅದನ್ನು ಧೈರ್ಯವಾಗಿ ತಗೊಳ್ಳಬೇಕಾದರೆ ಗುಂಡಿನ ಪರೀಕ್ಷೆಯ ಫಲಿತಾಂಶ ಕೈಲಿರಬೇಕು.

ಇದನ್ನೆಲ್ಲ ಕಂಪ್ಯೂಟರಿನಲ್ಲೇ ಮಾಡಬಾರದಾ ಅಂತ ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿದೆ. ಮಾಡುತ್ತಾರೆ. ವಿಮಾನದ ಮಾದರಿಯ ಮೂಲಕ ಸಾವಿರಾರು ಗೆರೆ ಹಾಯಿಸಿ, ಪ್ರತಿ ಗೆರೆಗೂ ಏನೇನು ಕೆಡುತ್ತದೆ ಅಂತ ಎಣಿಸುವ ಪ್ರೋಗ್ರಾಮುಗಳು ದಶಕಗಳಿಂದ ಇವೆ. ಎರಡು ಪೈಪು ಅಕ್ಕಪಕ್ಕ ಹೋಗಿದ್ದರೆ ಅವು ಕೂಡಲೇ ತೋರಿಸಿಕೊಡುತ್ತವೆ. ಒಂದು ಮೈದಾನದಲ್ಲಿ ಅಷ್ಟು ಹೊಡೆತ ಹೊಡೆಯಲು ಯಾವ ದೇಶಕ್ಕೂ ಸಾಧ್ಯವಿಲ್ಲ. ಆದರೆ "ಈ ಜಾಗಕ್ಕೆ ಬಿದ್ದರೆ ಬೆಂಕಿ ಹತ್ತುವ ಸಾಧ್ಯತೆ ಇಷ್ಟು" ಅನ್ನುವ ಅಂಕಿಯನ್ನು ಪ್ರೋಗ್ರಾಮಿಗೆ ಯಾರಾದರೂ ಕೊಡಬೇಕಲ್ಲ? ಅದು ಬರುವುದು ಮೈದಾನದಿಂದಲೇ.

ಮುಂದಿನ ಸಲ ಯಲಹಂಕದ ಏರೋ ಇಂಡಿಯಾಗೆ ಹೋದಾಗ ವಿಮಾನದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆಮೇಲೆ ಮಳಿಗೆಯಲ್ಲಿರುವ ಎಂಜಿನಿಯರನ್ನು ಹಿಡಿದು ಮೂರು ಪ್ರಶ್ನೆ ಕೇಳಿ. ಇಂಧನ ಎಲ್ಲಿದೆ, ಅದರ ಪಕ್ಕದ ಖಾಲಿ ಜಾಗದಲ್ಲಿ ಏನಿದೆ? ಎರಡು ಹೈಡ್ರಾಲಿಕ್ ಪೈಪುಗಳು ಎಲ್ಲಿ ಒಂದಕ್ಕೊಂದು ಅತಿ ಹತ್ತಿರ ಬರುತ್ತವೆ? ಗೇರ್‌ಬಾಕ್ಸಿನ ಎಣ್ಣೆ ಹೋದರೆ ಎಷ್ಟು ನಿಮಿಷ? ಕೆಲವಕ್ಕೆ ಅವರು ಉತ್ತರ ಹೇಳುವಂತಿಲ್ಲ, ಅದು ಗುಟ್ಟು. ಆದರೆ ಪ್ರಶ್ನೆ ಕೇಳಿದ ಕೂಡಲೇ ಅವರು ನಿಮ್ಮ ಜೊತೆ ಮಾತಾಡುವ ರೀತಿಯೇ ಬದಲಾಗುತ್ತದೆ, ನೋಡಿ ಬೇಕಾದರೆ.